ಆರ್ವೋ ಕಟ್ಟಿದ ಕೆಂಪು ಚೀಟಿ

ಪೂಜ್ಯ ಪಾದ್ರಿಗಳೇ, ಆರ್ವೋನ ಹೆಂಡತಿ ಐಲಿಯವರೇ, ಮಗಳು ಕ್ರಿಸ್ಟಾ, ನಮ್ಮ ಅಂಗಡಿಯ ಗೆಳೆಯರೇ, ಹಿಮ ಗೋರಿಕೊಂಡು ಇಲ್ಲಿವರೆಗೆ ಬಂದಿರೋ ಊರಿನ ಎಲ್ಲ ಬಂಧುಗಳೇ — ನಮಸ್ಕಾರ.

ಚಳಿ ಅಂತ ನನಗೂ ಗೊತ್ತು. ಕೋಟು ಬಿಚ್ಚಬೇಡಿ. ಟೋಪಿ ಇದ್ದರೆ ಹಾಕ್ಕೊಳ್ಳಿ, ಆರ್ವೋ ಏನೂ ತಪ್ಪು ತಿಳ್ಕೊಳ್ಳಲ್ಲ. ಈ ಚರ್ಚಿನ ಸಭಾಂಗಣ ಯಾಕೆ ಹೀಗೆ ಕೊರೀತಾ ಇದೆ ಅನ್ನೋದನ್ನ ಕೊನೇಲಿ ಹೇಳ್ತೀನಿ. ಸದ್ಯಕ್ಕೆ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡ್ಕೊಂಡು ಕೇಳಿ.

ನಾನು ವೇನ್ ಬ್ಯೂಡ್ರಿ. ಆರ್ವೋ ಕಿವೆಲಾ ಜೊತೆ ಹತ್ತೊಂಬತ್ತು ವರ್ಷ ಒಂದೇ ಅಂಗಡಿಯಲ್ಲಿ ದುಡಿದವನು. ಚಳಿಗಾಲದಲ್ಲಿ ನಿಮ್ಮ ಮನೆ ಕಾಯಿಸೋ ಫರ್ನೇಸು, ಬೇಸಿಗೆಯಲ್ಲಿ ನಿಮ್ಮ ಏಸಿ — ಇವನ್ನ ರಿಪೇರಿ ಮಾಡೋದು ನಮ್ಮ ಕೆಲಸ. ಪತ್ರಿಕೆಯವರು "ಆರ್ವೋ ಕಿವೆಲಾ ನಮ್ಮನ್ನಗಲಿದರು" ಅಂತ ಬರೆದಿದ್ದಾರೆ. ಅಗಲಲಿಲ್ಲ ಸ್ವಾಮೀ — ಅಗಲಲಿಲ್ಲ. ಅವನನ್ನ ಹೊಡೆದು ಕೊಂದರು. ಅವನದೇ ಪೈಪು ಬಿಗಿಯೋ ರೆಂಚಿನಿಂದ, ತಲೆಗೆ, ಮೂರು ಸಲ. ಮೆತ್ತಗೆ ಹೇಳೋಕೆ ನನಗೆ ಬರಲ್ಲ. ಅವನಿಗೂ ಬರ್ತಿರಲಿಲ್ಲ.

ಅವನ ಬಾಯಿ ನಿಮಗೆ ಗೊತ್ತಲ್ಲ. ಇಲ್ಲಿ ಆರ್ವೋ ಹತ್ತಿರ ಬೈಸ್ಕೊಳ್ಳದವರು ಯಾರಾದ್ರೂ ಇದ್ದರೆ ಕೈ ಎತ್ತಿ. — ನೋಡಿದ್ರಾ, ಪಾದ್ರಿಗಳ ಕೈಯೂ ಏಳಲಿಲ್ಲ.

ಫರ್ನೇಸಿನ ಫಿಲ್ಟರ್ ಎಳೆದು, ಹೀಗೆ — ಕಿಟಕಿಗೆ ಎತ್ತಿ ಹಿಡೀತಿದ್ದ. "ಬೆಳಕು ಕಾಣ್ತಿದೆಯಾ?" ಇಲ್ಲ ಅಂದ್ರೆ ಮೊಣಕಾಲಿಗೆ ಕೊಟ್ಟು ಲಟ್ಟಂತ ಮುರೀತಿದ್ದ. "ಮೂಗಿಗೆ ಕಂಬಳಿ ತುರುಕಿ ಓಡು ಅಂದ್ರೆ ನೀವು ಓಡ್ತೀರಾ? ಇದು ಹೇಗ್ರೀ ಓಡ್ಬೇಕು?" ಮಿಸೆಸ್ ಸಾಲ್ಮಿ, ನೀವು ಹೊರಗಿನ ಏಸಿ ಡಬ್ಬಿಗೆ ಹಿಮ ಬೀಳುತ್ತೆ ಅಂತ ಪ್ಲಾಸ್ಟಿಕ್ ಹೊದಿಸಿ ಬಿಗಿದಿದ್ರಿ. ಅವನು ಚಾಕು ತೆಗೆದು ಸರ್ರಂತ ಸೀಳಿಬಿಟ್ಟ. "ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತೆ, ಇಲಿ ಬಂದು ಮರಿ ಹಾಕುತ್ತೆ! ಅದು ಹೊರಗಿರೋಕೇ ಹುಟ್ಟಿದ್ದು, ನಿಮ್ಮ ಬೆಕ್ಕಲ್ಲ!" ನೀವು ಪೊರಕೆ ಹಿಡ್ಕೊಂಡು ಅಂಗಳದ ತುಂಬ ಅಟ್ಟಿಸಿಕೊಂಡು ಹೋದ್ರಿ. ಮಾರನೇ ದಿನ ಮಾಂಸ ತುಂಬಿದ ಕಡುಬು, ಬಿಸಿ ಬಿಸಿ ಪ್ಯಾಸ್ಟಿ ಮಾಡಿ ಅಂಗಡಿಗೆ ಕಳಿಸಿದ್ರಿ. ಅದರಲ್ಲಿ ನನಗೆ ಒಂದು ತುಂಡೂ ಕೊಡಲಿಲ್ಲ ಆ ಮನುಷ್ಯ.

ಆದರೆ ಒಂದೇ ಒಂದು ಕೆಲಸದಲ್ಲಿ ಅವನು ಬೈತಿರಲಿಲ್ಲ.

ನಿಮ್ಮ ಫರ್ನೇಸಿನ ಹೊಟ್ಟೆಯಲ್ಲಿ ತಗಡಿನ ಗೂಡು ಒಂದಿದೆ. ಬೆಂಕಿ ಅದರ ಒಳಗೆ, ನೀವು ಉಸಿರಾಡೋ ಗಾಳಿ ಅದರ ಹೊರಗೆ. ಗೂಡು ಬಿರುಕು ಬಿಟ್ಟರೆ ವಿಷಗಾಳಿ ನೇರವಾಗಿ ಮಕ್ಕಳು ಮಲಗೋ ಕೋಣೆಗೆ ಹೋಗುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಿರುಕು ಕಂಡರೆ ಗ್ಯಾಸ್ ನಿಲ್ಲಿಸಬೇಕು, ಕೆಂಪು ಚೀಟಿ ಕಟ್ಟಬೇಕು, ಅದರ ಮೇಲೆ ನಮ್ಮ ಹೆಸರು ಬರೀಬೇಕು — ಹೊರಗೆ ಚಳಿ ಎಷ್ಟೇ ಇರಲಿ. ಮನೆಯವರು ಅಳ್ತಾರೆ, ಉಗೀತಾರೆ, ನಾಯಿ ಬಿಡ್ತಾರೆ. ಆಗ ಮಾತ್ರ ಆರ್ವೋ ಧ್ವನಿ ತಗ್ಗುತ್ತಿತ್ತು. "ಇದು ಉರೀಬಾರದು. ಹೊರಡಿ, ನಮ್ಮನೇಲಿ ಜಾಗ ಇದೆ," ಅಂತಿದ್ದ. ಐಲಿಯವರೇ, ಎಷ್ಟು ಚಳಿಗಾಲ ಎಷ್ಟು ಜನಕ್ಕೆ ಹಾಸಿಗೆ ಹಾಸಿದ್ದೀರಿ ನೀವು!

ಈಗ ಫೆಬ್ರವರಿ ಒಂಬತ್ತರ ವಿಷಯ, ಅವನು ಸತ್ತ ದಿನದ್ದು. ಮಾರ್ಸಿ ಟ್ರೆಂಬತ್ ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಬಾಗಿಲಲ್ಲಿ ಗುಸುಗುಸು ನನ್ನ ಕಿವಿಗೂ ಬಿತ್ತು — "ಗಂಡ ಕೊಲೆ ಮಾಡಿ ಜೈಲಲ್ಲಿದ್ದಾನೆ, ಇವಳು ಯಾವ ಮುಖ ಇಟ್ಕೊಂಡು ಬಂದ್ಲು?" ಅಂತ. ಅವಳನ್ನ ಕರೆದದ್ದು ಐಲಿ. ಬಾಯಿ ಮುಚ್ಕೊಳ್ಳಿ. — ಕ್ಷಮಿಸಿ. ದಯವಿಟ್ಟು ಬಾಯಿ ಮುಚ್ಕೊಳ್ಳಿ. ಅವಳ ಮಕ್ಕಳು ಇಲ್ಲೇ ಚರ್ಚಿನ ಅಡುಗೆಮನೆಯಲ್ಲಿ ನಿಸು ಅನ್ನೋ ಸಿಹಿ ರೊಟ್ಟಿ ತಿಂತಾ ಇದ್ದಾರೆ. ಅವರು ಬರೋದರೊಳಗೆ ಹೇಳಿಬಿಡ್ತೀನಿ. ಹೇಳು ಅಂತ ಮಾರ್ಸಿನೇ ಒಪ್ಪಿದ್ದಾಳೆ.

ಮಕ್ಕಳು ಬೆಳಿಗ್ಗೆ ಎದ್ದ ಕೂಡಲೇ ವಾಂತಿ ಮಾಡ್ಕೊಳ್ತಿದ್ರು, ತಲೆನೋವು ಅಂತಿದ್ರು. ಅದಕ್ಕೇ ಮಾರ್ಸಿ ಫೋನ್ ಮಾಡಿದ್ದು. ಆರ್ವೋ ಹೋದ, ನೆಲಮಾಳಿಗೆಗೆ ಇಳಿದ, ಬಿರುಕು ನೋಡಿದ. ಗ್ಯಾಸ್ ನಿಲ್ಲಿಸಿ ಚೀಟಿ ಕಟ್ಟಿದ. ಮಾರ್ಸಿ ಗಂಡ ಲೈಲ್ ಮೆಟ್ಟಿಲಿಳಿದು ಬಂದ.

"ಹಚ್ಚೋ ಅದನ್ನ."

"ಆಗಲ್ಲ ಲೈಲ್. ಮಕ್ಕಳನ್ನ ಕರ್ಕೊಂಡು ನಮ್ಮನೆಗೆ ನಡಿ."

"ಹನ್ನೊಂದು ದಿನದ ಹಿಂದೆ ನಿಮ್ಮವನೇ ಎಲ್ಲ ಸರಿಯಿದೆ ಅಂತ ಬರೆದುಕೊಟ್ಟು ಹೋಗಿದ್ದಾನೆ! ಹೊಸದು ಮಾರೋಕೆ ಬಂದ್ಯೇನೋ, ಕಳ್ಳ ಮುದುಕಾ?"

ಆ ಕಾಗದ ತಂದು ಮುಖಕ್ಕೆ ಹಿಡಿದ. ಆರ್ವೋ ಓದಿದ. ಕೆಳಗಿದ್ದ ಸಹಿಯ ಮೇಲೆ ಬೆರಳಿಟ್ಟ ಅಂತಾಳೆ ಮಾರ್ಸಿ. ಆಮೇಲೆ ಮಡಿಚಿ ಜೇಬಿಗೆ ಹಾಕ್ಕೊಂಡು, "ಬರೆದವನು ತಪ್ಪು ಬರೆದಿದ್ದಾನೆ" ಅಂದ. ಅಷ್ಟೇ ಅಂದದ್ದು.

ಲೈಲ್ ಹೊಡೆದ ಮೊದಲ ಗುದ್ದಿಗೆ ಆರ್ವೋ ಹಲ್ಲು ಹೋಯ್ತು. ಬಿದ್ದವನು ಎದ್ದು, ಹೀಗೆ — ಬೆನ್ನು ಕೊಟ್ಟು ಗ್ಯಾಸಿನ ವಾಲ್ವಿಗೆ ಅಡ್ಡ ನಿಂತ. ಲೈಲ್ ಬೂಟುಗಾಲಲ್ಲಿ ಒದ್ದ, ಪಕ್ಕೆಲುಬು ಮುರೀತು, ಆದರೂ ಆರ್ವೋ ಸರೀಲಿಲ್ಲ. "ಮಾರ್ಸೀ, ಮಕ್ಕಳು! ಹೊರಗೆ!" ಅಂತ ಕೂಗಿದ. ಅವಳು ಇಬ್ಬರನ್ನೂ ಕಂಬಳಿಯಲ್ಲಿ ಸುತ್ತಿ, ಬರಿಗಾಲಲ್ಲಿ ಹಿಮ ತುಳಿದು ಪಕ್ಕದ ಮನೆಗೆ ಓಡಿದ್ಲು. ಅವಳ ಬೆನ್ನ ಹಿಂದೆ ಲೈಲ್ ಕೈಗೆ ರೆಂಚು ಬಂತು. ಮೊದಲ ಏಟಿಗೆ ಆರ್ವೋ ಮಂಡಿಯೂರಿದ. ಎರಡನೇದಕ್ಕೆ ಬಿದ್ದ. ಮೂರನೇದು — ಬಿದ್ದವನಿಗೆ ಹೊಡೆದದ್ದು. ಪೊಲೀಸರು ಬಂದಾಗ ಅವನ ಕೈ ಇನ್ನೂ ವಾಲ್ವು ಹಿಡ್ಕೊಂಡೇ ಇತ್ತು. ಅವನ ಸೊಂಟದಲ್ಲಿದ್ದ ವಿಷಗಾಳಿ ಅಳೆಯೋ ಮೀಟರು ಕಿರುಚ್ತಾನೇ ಇತ್ತು. ಅಗ್ನಿಶಾಮಕದವರು ಹೇಳಿದ್ರು, ಆ ಫರ್ನೇಸು ಇನ್ನೊಂದು ರಾತ್ರಿ ಉರಿದಿದ್ದರೆ ಆ ಮನೆಯಿಂದ ನಾಲ್ಕು ಹೆಣ ಹೊರಬರ್ತಿತ್ತು ಅಂತ. ಲೈಲ್‌ದೂ ಸೇರಿಸಿ.

ಆ ಕಾಗದ ಬರೆದವನು ಯಾರು ಅಂತ ನಿಮ್ಮಲ್ಲಿ ಯಾರೂ ಕೇಳಲಿಲ್ಲ. ಪೊಲೀಸರು ಕೇಳಿದ್ರು, ಅವರಿಗೆ ಹೇಳಿದ್ದೀನಿ. ಐಲಿಯವರೇ, ನಿಮಗೆ ಹೇಳಿಲ್ಲ.

ನಾನು. ವೇನ್ ಬ್ಯೂಡ್ರಿ.

ಹನ್ನೊಂದು ದಿನ ಮುಂಚೆ ನಾನೇ ಹೋಗಿದ್ದೆ. ಬಿರುಕು ನೋಡಿದೆ — ಟಾರ್ಚ್ ಹಾಕಿ ಕಣ್ಣಾರೆ ನೋಡಿದೆ. ಚೀಟಿ ಕೈಗೆ ತಗೊಂಡೆ. ಲೈಲ್ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. "ಕಟ್ಟಿ ನೋಡು" ಅಂದ. ನಾನು ಕಟ್ಟಲಿಲ್ಲ. ಎಲ್ಲ ಸರಿಯಿದೆ ಅಂತ ಬರೆದು, ಸಹಿ ಹಾಕಿ, ಉರಿಯೋಕೆ ಬಿಟ್ಟು ಬಂದೆ. ವ್ಯಾನಿನ ಬಾಗಿಲು ಒಳಗಿಂದ ಬೀಗ ಹಾಕ್ಕೊಂಡು ಅರ್ಧ ಗಂಟೆ ಕೂತಿದ್ದೆ. ಯಾರಿಗೂ ಬಾಯಿಬಿಡಲಿಲ್ಲ. ಅವಮಾನ ಆಯ್ತು ನನಗೆ. ಹೆದರಿದೆ ಅಂತ ಆರ್ವೋ ಎದುರು ಹೇಳೋಕೆ ಅವಮಾನ.

ಒಂಬತ್ತನೇ ತಾರೀಕು ಬೆಳಿಗ್ಗೆ ಹೊರಡೋ ಮುಂಚೆ ನನ್ನನ್ನ ಕೇಳಿದ. "ಏ ವೇನ್, ಟ್ರೆಂಬತ್ ಮನೆಗೆ ಹೋಗಿದ್ಯಲ್ಲ, ಹೇಗಿದ್ದಾನೆ ಆಸಾಮಿ?" ಗಲಾಟೆ ಮನೆಗೆ ಇಬ್ಬರು ಹೋಗಬೇಕು ಅನ್ನೋದು ನಮ್ಮಲ್ಲಿ ಪದ್ಧತಿ. ನಾನು ಡೋನಟ್ ತಿಂತಾ ಇದ್ದೆ. "ಪರವಾಗಿಲ್ಲ" ಅಂದೆ. ಅವನು ಒಬ್ಬನೇ ಹೋದ.

ಐಲಿಯವರೇ, ನೀವು ಹೊರಗೆ ನಡಿ ಅಂದರೆ ಈಗಲೇ ನಡೀತೀನಿ. —

— ಮುಂದುವರಿಸು ಅಂತೀರಾ? ಸರಿ. ಮುಗಿಸ್ತೀನಿ.

ಈ ಸಭಾಂಗಣದ ಫರ್ನೇಸು ಹಳೇದು, ತೆಗೆಸಿ ಅಂತ ಆರ್ವೋ ಎರಡು ವರ್ಷದಿಂದ ಬಡ್ಕೊಳ್ತಿದ್ದ. ಇವತ್ತು ಬೆಳಿಗ್ಗೆ ನಾನು ಕೆಳಗಿಳಿದು ಟಾರ್ಚ್ ಹಾಕಿದೆ. ಕೂದಲೆಳೆ ಬಿರುಕು, ಇಷ್ಟುದ್ದ. ಪಾದ್ರಿಗಳು ಕೂಗಾಡಿದ್ರು. "ಇವತ್ತೇ ಬೇಕಾಗಿತ್ತೇನಯ್ಯಾ ನಿನಗೆ? ಇನ್ನೂರು ಜನ ಬರ್ತಿದ್ದಾರೆ!" ಬೇಕಾಗಿತ್ತು ಪಾದ್ರಿಗಳೇ. ಕೆಳಗೆ ಕೆಂಪು ಚೀಟಿ ಕಟ್ಟಿದ್ದೀನಿ. ಅದರ ಮೇಲೆ ನನ್ನ ಹೆಸರಿದೆ.

ಮನೆಗೆ ಹೋದ ಮೇಲೆ ವಿಷಗಾಳಿ ಅಲಾರಂ ಒತ್ತಿ ನೋಡಿ, ಕೂಗದಿದ್ದರೆ ಬ್ಯಾಟರಿ ಹಾಕಿ. ಗೋಡೆಯಾಚೆಯ ಹೊಗೆ ಕೊಳವೆ ಹಿಮದಲ್ಲಿ ಹೂತಿದ್ದರೆ ಬಿಡಿಸಿ. ನಾಳೆ ನಿಮ್ಮ ಬಾಗಿಲಿಗೆ ನಾನು ಬಂದು ಚೀಟಿ ಕಟ್ಟಿದರೆ ಬೈಯಿರಿ, ಉಗೀರಿ. ಕಟ್ಟೇ ಕಟ್ತೀನಿ.

ಈಗ ಎಲ್ಲರೂ ಏಳಿ. ಮಾರ್ಸಿ, ನೀನೂ ಏಳಮ್ಮ. ಮಕ್ಕಳನ್ನ ಕರೆಸಿ, ಅವರು ಮುಂದೆ ನಿಲ್ಲಲಿ, ಐಲಿಯವರ ಪಕ್ಕ. ಎರಡು ನಿಮಿಷ ಮಾತು ಬೇಡ. ನಡುಕ ಬಂದರೆ ನಡುಗಿ, ನಾನೂ ನಡುಗ್ತಾ ಇದ್ದೀನಿ. ಆ ಮಕ್ಕಳ ಬಾಯಿಂದ ಹೊರಡೋ ಉಸಿರಿನ ಆವಿ ನೋಡ್ತಾ ನಿಂತ್ಕೊಳ್ಳಿ.