ಬಿಸಿಲು ಯಾರಪ್ಪನ ಆಸ್ತಿ

ವಿದ್ಯುತ್ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ಅಕ್ಕ, ತಮ್ಮ. ಅವನು ತಾರಸಿಗೆ ಸೋಲಾರ್ ಹಾಕಿಸಲು ಬಂದಿದ್ದ. ಅವಳು ಅದನ್ನು ತಪ್ಪಿಸಲು ಬಂದಿದ್ದಳು.

"ಮೇಲಿನ ಮನೆ ನಂದು. ಅದರ ಮೇಲಿನ ತಾರಸಿನೂ ನಂದೇ."

"ಪಾಲು ಮಾಡ್ಕೊಂಡಾಗ ತಾರಸಿ ಇಬ್ಬರಿಗೂ ಅಂತ ಆಗಿದೆ. ನನ್ನ ಸಹಿ ಇಲ್ದೆ ಒಂದು ಮೊಳೆ ಹೊಡಿ, ನೋಡ್ತೀನಿ."

"ಅದಕ್ಕೇ ತಾನೇ ಸಹಿ ಹಾಕು ಅಂತ ಬಡ್ಕೋತಿರೋದು? ಈ ತಿಂಗಳು ಕಳೆದ್ರೆ ಸಬ್ಸಿಡಿ ನಿಲ್ಸ್ತಾರೆ."

"ನಿಲ್ಸಲಿ. ಕರೆಂಟು ನಿನಗೆ, ನೆರಳು ನನ್ನ ಒದ್ದೆ ಬಟ್ಟೆಗೆ."

"ಅರ್ಧ ಕರೆಂಟು ನಿನಗೂ ಕೊಡ್ತೀನಿ ಅಂದೆನಲ್ಲ!"

"ಒಂದು ತಾರಸಿಯ ಸೋಲಾರ್ ಒಂದೇ ಮನೆ ಮೀಟರ್‌ಗೆ ಅನ್ನೋದು ಇವರ ರೂಲು. ಕೊಡೋಕಾಗಲ್ಲ ಅಂತ ಗೊತ್ತಿದ್ದೇ ಕೊಡ್ತೀನಿ ಅಂತೀಯ. ಯಾರ ಕಿವಿಗೆ ಹೂ ಇಡ್ತೀಯೋ?"

"ಬಿಸಿಲೇನು ನಿಮ್ಮಪ್ಪನ ಆಸ್ತಿನಾ?"

"ಹೂಂ, ನಮ್ಮಪ್ಪಂದೇ. ನಿಮ್ಮಪ್ಪ ಬೇರೆ ಯಾರಾದ್ರೂ ಇದ್ದಾರಾ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಅವರ ಸರದಿ ಬಂತು. ಗುಮಾಸ್ತ ಕಂಪ್ಯೂಟರ್ ನೋಡಿ ಹೇಳಿದ:

"ಮೇಲಿನ ಮನೆ ಮೀಟರ್ ಇನ್ನೂ ನಿಮ್ಮ ತಂದೆ ಹೆಸರಲ್ಲೇ ಇದೆ. ಅರ್ಜಿ ಅವರೇ ಹಾಕಬೇಕು. ಕರ್ಕೊಂಡು ಬನ್ನಿ."

"ಅಪ್ಪ ತೀರ್ಕೊಂಡು ವರ್ಷ ಆಯ್ತು ಸಾರ್."

ಅಕ್ಕ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಹೊರಟವಳು ತಿರುಗಿ ನಿಂತಳು.

"ಕರ್ಕೊಂಡು ಬಾ ಹೋಗೋ. ಅವತ್ತು ರಾತ್ರಿ ಅಪ್ಪ ಎದೆನೋವು, ಆಸ್ಪತ್ರೆಗೆ ಕರ್ಕೊಂಡು ಹೋಗು ಅಂದಾಗ, ಬೆಳಗಾಗ್ಲಿ ಅಂದ್ಯಲ್ಲ? ಈಗ ಹೊರಗೆ ಬೇಕಾದಷ್ಟು ಬಿಸಿಲಿದೆ."