ಅಮ್ಮನ ಹೆಸರಲ್ಲಿ ಒಂದು ದಾವೆ

...ಹೊಡೀರಿ ಟೈಪಿಸ್ಟಮ್ಮ, ಹೊಡೀರಿ! ನಾನು ಹೇಳ್ತಾ ಹೋಗ್ತೀನಿ. ಏನು, ನಗ್ತಿದ್ದೀರಾ? ಜಡ್ಜ್ ಸಾಹೇಬ್ರ ಆದೇಶ ನಿಮ್ಮ ಕಿವಿಗೂ ಬಿತ್ತಾ? ಬೀಳ್ದೆ ಇರತ್ತಾ, ಕೋರ್ಟಿನ ಬಾಗಿಲಲ್ಲೇ ಕೂತಿರೋರು! ಈ ಮನುಷ್ಯ ಇನ್ಮೇಲೆ ನಮ್ಮ ಅನುಮತಿ ಇಲ್ದೆ ಒಂದು ಕೇಸೂ ಹಾಕೋ ಹಾಗಿಲ್ಲ ಅಂತ ತುಂಬಿದ ಕೋರ್ಟ್ ಹಾಲ್‌ನಲ್ಲಿ ಓದಿದ್ರು ರೀ. ಸುಮ್‌ಸುಮ್ನೆ ಕೇಸ್ ಹಾಕಿ ಜನರ ಜೀವ ಹಿಂಡ್ತೀನಂತೆ. ನಾನು! ಎದುರುಮನೆ ಟೈಲರ್ ಮಷಿನ್ ಸದ್ದು ನನ್ನ ತಲೆ ತಿಂತಿದ್ದದ್ದು ಸುಳ್ಳಾ? ಮತ್ತೆ ನಗ್ತೀರಲ್ಲ!

ನಗಿ, ನಗಿ. ಅವರು ಬಾಗಿಲು ಹಾಕಿದ್ದು ನನ್ನ ಹೆಸರಿಗೆ. ಅಮ್ಮನ ಹೆಸರಿಗಲ್ಲವಲ್ಲ! ಹ್ಞಾಂ... ಈಗ ಹೊಳೀತಾ? ಹೊಡೀರಿ. ಅರ್ಜಿದಾರರು, ನಮ್ಮಮ್ಮ. ಪ್ರತಿವಾದಿ, ನಮ್ಮ ಬೀದಿ ಡಾಕ್ಟರ್.

ಹೌದ್ರೀ, ಅವನೇ. ಹಿಂದೆ ಅವನ ಮೇಲೆ ನಾನು ಹಾಕಿದ್ದ ಕೇಸೆಲ್ಲ ವಜಾ ಆಯ್ತು, ಆದ್ರೂ ಅವನಿಗೆ ನನ್ನ ಮೇಲೆ ಸೇಡು! ಬರೀರಿ... "ನಿನ್ನೆ ಸಂಜೆ ಅರ್ಜಿದಾರರಿಗೆ ಎದೆನೋವು ಬಂದಾಗ, ಮಗ ಹೋಗಿ ಬಾಗಿಲು ಬಡಿದರೂ..." ಬಡಿದೆ ರೀ, ಕೈ ಊದೋ ಹಾಗೆ ಬಡಿದೆ! ಕಿಟಕಿಯಿಂದ್ಲೇ ಅಂದ, "ನಿಮ್ಮನೆಗೆ ಕಾಲಿಟ್ರೆ ನಾಳೆ ನನ್ನನ್ನೇ ಕೋರ್ಟಿಗೆ ಎಳೀತೀಯ, ಆಸ್ಪತ್ರೆಗೆ ಕರ್ಕೊಂಡು ಹೋಗು" ಅಂತ. ಟ್ಯಾಕ್ಸಿಯವನೂ ಬರ್ಲಿಲ್ಲ. ಅವನ ಮೇಲೂ... ಹ್ಞೂ, ಹಾಕಿದ್ದೆ. ಅದಕ್ಕೇನೀಗ?

ಯಾಕೆ ನಿಲ್ಲಿಸಿದ್ರಿ?

ಪ್ರಮಾಣ ಮಾಡೋಕೆ ಅವಳೇ ಬರ್ಬೇಕು, ಗೊತ್ತು, ಅಷ್ಟೂ ಗೊತ್ತಿಲ್ವಾ ನನಗೆ? ಬರ್ತಾಳೆ. ಈಗ... ಮಲಗಿದ್ದಾಳೆ. ಹೆಬ್ಬೆಟ್ಟು ಒತ್ತಿಸ್ಕೊಂಡೇ ಬಂದಿದ್ದೀನಿ, ತಗೊಳ್ಳಿ. ಮಸುಕಾಗಿದೆ, ಹೌದು. ಬೆಳಿಗ್ಗೆ ಬೆರಳೇ ಬಿಡಿಸೋಕಾಗ್ಲಿಲ್ಲ ರೀ, ಅಷ್ಟು ಸೆಟೆದು... ಚಳಿ! ಚಳಿಗೆ. ವಯಸ್ಸಾದೋರಿಗೆ ಚಳಿ ಆಗಲ್ವಾ?

ಮಷಿನ್ ಮೇಲಿಂದ ಕೈ ತೆಗೀಬೇಡಿ. ಎಲ್ಲಿಗೆ ಏಳ್ತಿದ್ದೀರಾ? ಕೂತ್ಕೊಳ್ಳಿ. ಕೂತ್ಕೊಳ್ಳಿ ಅಂದೆ! ಹಾಗೆ ನೋಡ್ಬೇಡಿ ನನ್ನ, ಏನಾದ್ರೂ ಮಾತಾಡಿ... ಬೈಯೋದಾದ್ರೂ ಬೈರಿ...

ಹೊದಿಕೆ ಹೊದಿಸಿದ್ದೀನಿ ರೀ. ಅವಳ ಕಣ್ಣು ಮುಚ್ಚಿಸಿದ್ದೀನಿ. ಬಾಗಿಲಿಗೆ ಬೀಗ ಹಾಕಿದ್ದೀನಿ, ಯಾರಿಗೂ ಹೇಳಿಲ್ಲ. ಹೇಗೆ ಹೇಳ್ಲಿ? ಹೇಳಿದ್ರೆ ಕೇಸ್ ಹಾಕೋಕೆ ಅವಳ ಹೆಸರೂ ಇಲ್ದೆ ಹೋಗತ್ತೆ. ಹೆಂಡತಿ ಇಲ್ಲ, ಮಕ್ಕಳಿಲ್ಲ... ನಮ್ಮನೇಲಿ ಇನ್ನೊಂದು ಹೆಸರೇ ಇಲ್ಲ ಟೈಪಿಸ್ಟಮ್ಮ.