ಗೆರೆಯಿಲ್ಲದ ಚುಕ್ಕೆ

ಕ್ರೀಡಾ ಇಲಾಖೆಯ ಮೇಲ್ಮಹಡಿಗೆ ಲಿಫ್ಟ್ ಇನ್ನೂ ಬಂದಿರಲಿಲ್ಲ. ಸರ್ಕಾರಿ ಅನುದಾನ ಮುಂದುವರಿಯುವುದೇ ಎಂದು ಕೇಳಲು ಬಂದಿದ್ದ ಈಜು ಕಲಿಸುವಾಕೆ, ಮುಂದೆ ನಿಂತಿದ್ದ ಇಬ್ಬರು ಕ್ರೀಡಾಧಿಕಾರಿಗಳ ಮಾತಿಗೆ ಕಿವಿಗೊಟ್ಟಳು. ಹಿರಿಯನ ಕೈಯಲ್ಲೊಂದು ನಕ್ಷೆ: ಸಂಸ್ಥೆಗೊಂದು ಚುಕ್ಕೆ, ವಿದೇಶಿ ಸಹಕಾರಕ್ಕೊಂದು ಗೆರೆ; ಗೆರೆ ಹೆಚ್ಚಿದಷ್ಟೂ ಚುಕ್ಕೆ ದೊಡ್ಡದು.

“ನಡುವೆ ಈ ಕುಂಬಳಕಾಯಿ ಗಾತ್ರದ ಚುಕ್ಕೆ ಯಾರದು ಸಾರ್?”

“ನಮ್ಮ ಭಾವಮೈದುನನದು ಕಣಯ್ಯ. ಒಂಬತ್ತು ದೇಶಕ್ಕೆ ಗೆರೆ ಹೋಗಿದೆ.”

“ಯಾವ ಆಟ ಆಡಿಸ್ತಾರೆ?”

“ಆಟ ಎಲ್ಲಿ ಬಂತು? ವಿದೇಶಿ ಸಹಕಾರಕ್ಕೆ ಎಲ್ಲರ ಅರ್ಜಿನೂ ಅವನೇ ಬರೆದುಕೊಡ್ತಾನೆ. ಪ್ರತಿಯೊಂದರಲ್ಲೂ ತನ್ನ ಸಂಸ್ಥೆ ಹೆಸರೂ ಸೇರಿಸ್ತಾನೆ.”

“ಅಂದ್ರೆ ಲೆಕ್ಕಕ್ಕುಂಟು, ಆಟಕ್ಕಿಲ್ಲ.”

“ಮೂಲೆ ಚುಕ್ಕೆ ನೋಡು. ಗೋದಾಮಿನ ಹಿಂದಿನ ಈಜುಕೊಳ. ಇನ್ನೂರು ಮಕ್ಕಳು ದಿನಾ ಈಜ್ತಾರಂತೆ. ಹೊರಗಿಂದ ಒಂದು ಗೆರೆನೂ ಇಲ್ಲ.”

“ಪಾಪ, ಏನ್ಮಾಡೋದು?”

“ಅನುದಾನ ನಿಲ್ಲಿಸಿ ಚುಕ್ಕೆ ಅಳಿಸಿಬಿಡು. ನಕ್ಷೆ ಲಕ್ಷಣವಾಗಿ ಕಾಣುತ್ತೆ.”

ಅದು ಅವಳದೇ ಕೊಳ. ಅಷ್ಟರಲ್ಲಿ ಲಿಫ್ಟ್ ಬಂತು, ಇಬ್ಬರೂ ಒಳಹೊಕ್ಕರು. ಮುಚ್ಚುತ್ತಿದ್ದ ಬಾಗಿಲಿಗೆ ಅವಳು ಕೈ ಅಡ್ಡವಿಟ್ಟಳು.

“ಸಾರ್, ನಿಮ್ಮ ಭಾವಮೈದುನರು ಎಲ್ಲಿ ಸಿಕ್ತಾರೆ? ನಮ್ಮ ಮಕ್ಕಳಿಗೂ ಒಂದು ಗೆರೆ ಎಳೆಸ್ಕೋಬೇಕಿತ್ತು.”

ಹಿರಿಯನ ಮುಖ ಅರಳಿತು.

“ಅದಕ್ಕೇನಮ್ಮ, ಕೆಳಗೆ ಕ್ಯಾಂಟೀನಲ್ಲೇ ಕೂತಿರ್ತಾನೆ. ನಾನೇ ಕಳಿಸಿದೆ ಅನ್ನಿ.”

ಬಾಗಿಲು ಮುಚ್ಚಿಕೊಂಡಿತು.